ಶಾಲೆಯ ಕೊನೆಯ ತರಗತಿಗಳಲ್ಲಿ ಮಾಧ್ಯಮಶಾಸ್ತ್ರ: ಒಂದು ವಿಮರ್ಶೆ

೧

ವಿಮರ್ಶೆಯೆಂದರೆ ಕಾವ್ಯವನ್ನೋ ನಾಟಕವನ್ನೋ ಕುರಿತ ವಿಮರ್ಶೆಯೆಂದೇ ನಮ್ಮಲ್ಲಿ ರೂಢಿಯಾಗಿದೆ. ಪಠ್ಯಕ್ರಮವೊಂದನ್ನು ಗ್ರಂಥವೆಂದು ಭಾವಿಸಿ ಅದರ ಗುಣದೋಷಗಳನ್ನು ವಿಚಾರಿಸುವ ಪದ್ಧತಿ ಅಷ್ಟಾಗಿ ಇಲ್ಲ. ಆದರೆ ಯೋಚಿಸಿ ನೋಡಿದರೆ, ಕಾವ್ಯವು ರುಚಿಸದಿದ್ದಲ್ಲಿ ಓದುಗನು ಅದನ್ನು ಮುಚ್ಚಿಡಬಹುದು. ಪಠ್ಯಕ್ರಮವನ್ನು ಮುಚ್ಚಿಡುವ ಸ್ವಾತಂತ್ರ್ಯ ವಿದ್ಯಾರ್ಥಿಗೆ ಇಲ್ಲ. ಅವನ ಆಯುಸ್ಸಿನ ಎರಡು ವರ್ಷಗಳನ್ನು ಅದಕ್ಕೆ ಒಪ್ಪಿಸಿದಂತಾಗುವುದು. ಆದುದರಿಂದ ಪಠ್ಯಕ್ರಮವನ್ನು ಕಾವ್ಯಕ್ಕಿಂತಲೂ ಹೆಚ್ಚಿನ ಎಚ್ಚರಿಕೆಯಿಂದ ವಿಮರ್ಶಿಸತಕ್ಕದ್ದು ನ್ಯಾಯವೆಂದು ನಮಗೆ ತೋರುವುದು.

ಈ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಇಂಗ್ಲೆಂಡಿನ ಒಂದು ಪಠ್ಯಕ್ರಮ. ಆ ದೇಶದಲ್ಲಿ ಹದಿನಾರು ವರ್ಷ ತುಂಬಿದ ಮಕ್ಕಳು ಮುಂದಿನ ಎರಡು ವರ್ಷ, ಅಂದರೆ ನಮ್ಮ ಪದವಿಪೂರ್ವ ತರಗತಿಗಳಿಗೆ ಸಮನಾದ ಕಾಲದಲ್ಲಿ, ಸಾಮಾನ್ಯವಾಗಿ ಮೂರು ವಿಷಯಗಳನ್ನು ಆರಿಸಿಕೊಂಡು ಓದಿ ‘ಎ ಲೆವೆಲ್’ ಎಂಬ ಪರೀಕ್ಷೆಗೆ ಕೂಡುವರು. ಗಣಿತ, ರಸಾಯನ, ಇತಿಹಾಸ, ಆಂಗ್ಲಸಾಹಿತ್ಯ ಮೊದಲಾದವುಗಳ ಸಾಲಿನಲ್ಲಿ ‘ಮೀಡಿಯಾ ಸ್ಟಡೀಸ್’ ಎಂಬುದೂ ಒಂದು. ವೃತ್ತಪತ್ರಿಕೆ, ಮಾಸಪತ್ರಿಕೆ, ರೇಡಿಯೋ, ಸಿನಿಮಾ, ಟೆಲಿವಿಷನ್, ಜಾಹೀರಾತು, ಸಂಗೀತದ ವಿಡಿಯೋ, ವಿಡಿಯೋ ಆಟ, ಅಂತರ್ಜಾಲ ಎಂಬ ಒಂಬತ್ತು ಬಗೆಯ ಮಾಧ್ಯಮಗಳನ್ನು ಅಲ್ಲಿ ಕ್ರಮವಾಗಿ ಅಭ್ಯಾಸಮಾಡಿಸುವರು. ಮಾಧ್ಯಮವೆಂದರೆ ನಡುವೆ ನಿಂತುದು. ಹೇಳುವವನಿಗೂ ಕೇಳುವವನಿಗೂ ನಡುವೆ ನಿಂತಿರುವ ಈ ವಸ್ತುವು ಮಾತನ್ನು ಹಾಗೆಯೇ ದಾಟಿಸುವುದೋ, ದಾಟಿಸುವಾಗ ಬದಲಾಯಿಸುವುದೋ, ಬದಲಾಯಿಸಿದರೆ ಯಾರ ಪ್ರಯೋಜನಕ್ಕಾಗಿ ಎಂಬುದೇ ಈ ಶಾಸ್ತ್ರದ ವಿಷಯ.

ಇದಕ್ಕೆ ಆ ದೇಶದಲ್ಲಿ ಮರ್ಯಾದೆ ಅಷ್ಟಾಗಿ ದೊರೆತಿಲ್ಲ. ಅಲ್ಲಿಯ ಪತ್ರಿಕೆಗಳು ಬಹುಕಾಲದಿಂದ ಇದನ್ನು ‘ಮಿಕಿ ಮೌಸ್ ವಿಷಯ’ವೆಂದು, ಎಂದರೆ ಮಕ್ಕಳಾಟವೆಂದು ಹಾಸ್ಯಮಾಡುತ್ತ ಬಂದಿವೆ. ರಸೆಲ್ ಗ್ರೂಪ್ ಎಂಬ ದೊಡ್ಡ ವಿಶ್ವವಿದ್ಯಾನಿಲಯಗಳ ಕೂಟವು ೨೦೧೧ರಲ್ಲಿ ಉನ್ನತ ವಿದ್ಯಾಭ್ಯಾಸಕ್ಕೆ ಅನುಕೂಲವಾದ ವಿಷಯಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಅದರಲ್ಲಿ ಇದು ಸೇರಿರಲಿಲ್ಲ. ಆ ಪಟ್ಟಿಯನ್ನು ೨೦೧೯ರಲ್ಲಿ ಕೈಬಿಟ್ಟರು. ಆದರೆ ಹಾಸ್ಯವು ನಿಂತಿಲ್ಲ. ಪತ್ರಿಕೆಗಳ ಹಾಸ್ಯದ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬಹುದು. ಪರೀಕ್ಷೆಗೆ ಗುರಿಯಾಗತಕ್ಕವನೇ ಪರೀಕ್ಷಕನನ್ನು ಹಳಿದರೆ ಆ ಹಳಿವಿಗೆ ಎಷ್ಟು ಬೆಲೆಯುಂಟೆಂಬುದನ್ನು ವಾಚಕರೇ ನಿಶ್ಚಯಿಸಬಹುದು. ಆದರೆ ಹಳಿದವರು ಪಕ್ಷಪಾತಿಗಳೆಂಬ ಮಾತ್ರದಿಂದ ವಿಷಯವು ಒಳ್ಳೆಯದೆಂದು ಸಿದ್ಧವಾಗುವುದಿಲ್ಲ. ಅದನ್ನು ಬಿಚ್ಚಿ ನೋಡಬೇಕು.

೨

ಈ ಶಾಸ್ತ್ರವು ಒಂದು ದಿನದಲ್ಲಿ ಹುಟ್ಟಿದುದಲ್ಲ. ಕೇಂಬ್ರಿಜಿನ ವಿಮರ್ಶಕ ಎಫ್. ಆರ್. ಲೀವಿಸ್ ಎಂಬುವರೂ ಡೆನಿಸ್ ಥಾಂಪ್ಸನ್ ಎಂಬ ಉಪಾಧ್ಯಾಯರೂ ಕೂಡಿ ೧೯೩೩ರಲ್ಲಿ ‘ಕಲ್ಚರ್ ಅಂಡ್ ಎನ್ವಿರಾನ್ಮೆಂಟ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಶಾಲೆಯ ಮಕ್ಕಳು ಜಾಹೀರಾತುಗಳನ್ನೂ ಅಗ್ಗದ ಬರೆವಣಿಗೆಯನ್ನೂ ಪರೀಕ್ಷಿಸಿ ನೋಡುವಂತೆ ಅದರಲ್ಲಿ ಅಭ್ಯಾಸಗಳನ್ನು ಕೊಟ್ಟರು. ಅವರ ಉದ್ದೇಶ ರಕ್ಷಣೆ. ಸಿಡುಬಿಗೆ ದೇವಿ ಹಾಕಿಸುವಂತೆ ಕೀಳು ಅಭಿರುಚಿಗೂ ಮಕ್ಕಳಿಗೆ ಮುಂಚಿತವಾಗಿ ದೇವಿ ಹಾಕಿಸಬೇಕೆಂಬುದು ಅವರ ಭಾವನೆ. ಸದುದ್ದೇಶವೇ ಸರಿ, ಆದರೆ ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡು ವಿಚಾರಣೆ ನಡೆಸಿದಂತೆ ಅದರಲ್ಲಿ ಒಂದು ದೋಷವಿತ್ತು. ಸಿನಿಮಾ ಮುಂತಾದವು ಕೀಳೆಂಬುದು ಅಲ್ಲಿ ಸಿದ್ಧವಾದ ಸಂಗತಿ. ಮಕ್ಕಳು ಮಾಡತಕ್ಕದ್ದು ಅದಕ್ಕೆ ಉದಾಹರಣೆಗಳನ್ನು ಹುಡುಕುವುದಷ್ಟೆ.

೧೯೬೩ರಲ್ಲಿ ‘ಹಾಫ್ ಅವರ್ ಫ್ಯೂಚರ್’ ಎಂಬ ಸರ್ಕಾರಿ ವರದಿ ಬಂದಿತು. ನ್ಯೂಸಮ್ ವರದಿಯೆಂದು ಅದಕ್ಕೆ ಪ್ರಸಿದ್ಧಿ. ಸಿನಿಮಾ ಟೆಲಿವಿಷನ್‌ಗಳನ್ನು ವಿವೇಕದಿಂದ ನೋಡುವುದನ್ನು ಶಾಲೆಯಲ್ಲಿ ಕಲಿಸಬೇಕೆಂದು ಅದು ಸೂಚಿಸಿತು. ಮಾರನೆಯ ವರ್ಷ ರಿಚರ್ಡ್ ಹಾಗರ್ಟ್ ಎಂಬುವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಸಮಕಾಲೀನ ಸಂಸ್ಕೃತಿಯ ಅಧ್ಯಯನಕ್ಕೆ ಕೇಂದ್ರವೊಂದನ್ನು ಸ್ಥಾಪಿಸಿದರು. ಜಮೈಕಾ ದ್ವೀಪದಿಂದ ಬಂದ ಸ್ಟೂಅರ್ಟ್ ಹಾಲ್ ಎಂಬ ವಿದ್ವಾಂಸರು ಅದನ್ನು ಬೆಳಸಿದರು. ೧೯೮೨ರಲ್ಲಿ ಯುನೆಸ್ಕೋ ಸಂಸ್ಥೆಯು ಜರ್ಮನಿಯ ಗ್ರೂನ್‌ವಾಲ್ಡಿನಲ್ಲಿ ಸೇರಿಸಿದ ಸಭೆಯು ಮಾಧ್ಯಮಶಿಕ್ಷಣವು ಎಲ್ಲ ದೇಶಗಳಿಗೂ ಅಗತ್ಯವೆಂದು ಘೋಷಿಸಿತು. ೧೯೮೫ರಲ್ಲಿ ಲೆನ್ ಮಾಸ್ಟರ್‌ಮನ್ ಎಂಬುವರು ‘ಟೀಚಿಂಗ್ ದ ಮೀಡಿಯಾ’ ಎಂಬ ಪುಸ್ತಕದಲ್ಲಿ ಈ ಶಿಕ್ಷಣಕ್ಕೆ ಒಂದು ತತ್ತ್ವವನ್ನು ಕೊಟ್ಟರು: ಮಾಧ್ಯಮವು ಲೋಕವನ್ನು ತೋರಿಸುವ ಕಿಟಕಿಯಲ್ಲ, ಯಾರೋ ಆರಿಸಿ ಜೋಡಿಸಿ ಬರೆದ ಚಿತ್ರ, ಬರೆದವರಾರು, ಹೇಗೆ ಬರೆದರು ಎಂದು ಕೇಳುವುದೇ ವಿದ್ಯಾರ್ಥಿಯ ಕೆಲಸ. ೧೯೯೦ರ ಆಸುಪಾಸಿನಲ್ಲಿ ಈ ವಿಷಯವು ಎ ಲೆವೆಲಿನಲ್ಲಿ ನೆಲೆಗೊಂಡಿತು. ಈಗಿನ ರೂಪವು ೨೦೧೭ರಲ್ಲಿ ಜಾರಿಗೆ ಬಂದು ೨೦೧೯ರಲ್ಲಿ ಮೊದಲ ಪರೀಕ್ಷೆ ನಡೆಯಿತು. ನೂರಕ್ಕೆ ಎಪ್ಪತ್ತು ಅಂಕಗಳು ಬರೆವಣಿಗೆಯ ಪರೀಕ್ಷೆಗೆ. ಉಳಿದ ಮೂವತ್ತು ವಿದ್ಯಾರ್ಥಿಯು ತಾನೇ ಒಂದು ಪತ್ರಿಕೆಯ ಪುಟವನ್ನೋ ಚಲಚ್ಚಿತ್ರದ ತುಣುಕನ್ನೋ ತಯಾರಿಸಿ ಒಪ್ಪಿಸುವುದಕ್ಕೆ.

ಅಂತು ರಕ್ಷಣೆಯಿಂದ ಹೊರಟು ಪರೀಕ್ಷೆಗೆ ಬಂದುದು ಈ ಶಾಸ್ತ್ರದ ಚರಿತ್ರೆ. ಇದು ಬೆಳವಣಿಗೆಯ ದಾರಿಯೆಂಬುದರಲ್ಲಿ ಸಂದೇಹವಿಲ್ಲ.

೩

ಪಠ್ಯಕ್ರಮದ ಅಂಗಗಳು ನಾಲ್ಕು: ಮಾಧ್ಯಮದ ಭಾಷೆ, ಅದು ಲೋಕವನ್ನು ಚಿತ್ರಿಸುವ ಬಗೆ, ಅದರ ಹಿಂದಿರುವ ಉದ್ಯಮ, ಅದನ್ನು ಗ್ರಹಿಸುವ ಜನ. ಒಂದೊಂದು ಪರೀಕ್ಷಾಮಂಡಲಿಯೂ ಅಭ್ಯಾಸಕ್ಕೆಂದು ಕೆಲವು ವಸ್ತುಗಳನ್ನು ಗೊತ್ತುಮಾಡುವುದು. ಎಡುಕಾಸ್ ಎಂಬ ಮಂಡಲಿಯು ಈ ಹೊಸ ಪಠ್ಯಕ್ರಮಕ್ಕೆ ಮೊದಲು ಗೊತ್ತುಮಾಡಿದ ಪಟ್ಟಿಯಲ್ಲಿ ‘ಟೈಡ್’ ಎಂಬ ಬಟ್ಟೆ ಒಗೆಯುವ ಪುಡಿಯ ಜಾಹೀರಾತೊಂದು ಇತ್ತು. ೧೯೫೦ರ ದಶಕದ ಅಮೆರಿಕದ ಜಾಹೀರಾತು ಅದು. ಗೃಹಿಣಿಯೊಬ್ಬಳು ಪುಡಿಯ ಪೆಟ್ಟಿಗೆಯನ್ನು ಕಣ್ಣುಮುಚ್ಚಿ ಅಪ್ಪಿಕೊಂಡಿರುವಳು. ಮೇಲುಗಡೆ ಪ್ರೇಮಸೂಚಕವಾದ ಹೃದಯಾಕೃತಿಗಳು ತೇಲುತ್ತಿರುವುವು. ಇಂಥದನ್ನು ಪಾಠಮಾಡುವುದುಂಟೆ ಎಂದು ಕೆಲವರು ನಗಬಹುದು. ನಗುವುದಕ್ಕೆ ಮುಂಚೆ ನಮ್ಮ ಶಾಸ್ತ್ರಗಳ ಒಂದು ಮಾತನ್ನು ನೆನೆಯಬೇಕು.

ಪೂರ್ವಮೀಮಾಂಸೆಯಲ್ಲಿ ವಿಧಿಯೆಂದೂ ಅರ್ಥವಾದವೆಂದೂ ವಾಕ್ಯಗಳಲ್ಲಿ ಭೇದವನ್ನು ಹೇಳಿರುವರು. ಇಂಥದನ್ನು ಮಾಡತಕ್ಕದ್ದು ಎಂಬುದು ವಿಧಿ. ಒಂದನ್ನು ಹೊಗಳಿ ಇನ್ನೊಂದನ್ನು ಹಳಿದು ಆ ವಿಧಿಯಲ್ಲಿ ಕೇಳುವವನಿಗೆ ಪ್ರವೃತ್ತಿ ಹುಟ್ಟುವಂತೆ ಮಾಡುವ ವಾಕ್ಯ ಅರ್ಥವಾದ. ವಾಯುದೇವತೆಯ ವೇಗವನ್ನು ಹೊಗಳಿದರೆ ಗಾಳಿಯ ವಿಷಯದಲ್ಲಿ ನಮಗೆ ತಿಳಿವಳಿಕೆ ಕೊಡುವುದು ಅದರ ತಾತ್ಪರ್ಯವಲ್ಲ. ಆ ದೇವತೆಗೆ ಸಲ್ಲತಕ್ಕ ಕರ್ಮವನ್ನು ಮಾಡಿಸುವುದು ತಾತ್ಪರ್ಯ. ನಿಂದೆಯೂ ಹಾಗೆಯೇ: ನಿಂದ್ಯವಾದುದನ್ನು ಹಳಿಯುವುದಕ್ಕಾಗಿ ಅದು ಹೊರಟಿರುವುದಿಲ್ಲ, ವಿಧೇಯವಾದುದನ್ನು ಹೊಗಳುವುದಕ್ಕಾಗಿ ಹೊರಟಿರುವುದು. ಆದುದರಿಂದ ಸ್ತುತಿವಾಕ್ಯವನ್ನು ಕಂಡೊಡನೆ ಅದು ಯಾವ ವಿಧಿಗೆ ಅಂಗವೆಂದು ಹುಡುಕಬೇಕೆಂಬುದು ಮೀಮಾಂಸಕರ ಪದ್ಧತಿ.

ಈ ಪದ್ಧತಿಯಿಂದ ಪುಡಿಯ ಜಾಹೀರಾತನ್ನು ನೋಡಿರಿ. ಚಿತ್ರವೆಲ್ಲ ಸ್ತುತಿ. ಅದರ ಹಿಂದಿರುವ ವಿಧಿ ‘ಕೊಂಡುಕೊಳ್ಳತಕ್ಕದ್ದು’ ಎಂಬುದು. ಇದು ಮಗುವಿಗೂ ತಿಳಿಯುವುದು. ಆದರೆ ಅಲ್ಲಿ ಇನ್ನೊಂದು ವಿಧಿ ಅಡಗಿದೆ. ಸ್ತ್ರೀಯ ಸುಖವೆಲ್ಲ ಮನೆಯ ಬಟ್ಟೆಯ ಬೆಳ್ಪಿನಲ್ಲಿದೆ, ಅವಳು ಮನೆಯಲ್ಲಿಯೇ ಇರತಕ್ಕವಳು ಎಂಬುದೇ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳಲ್ಲಿ ದುಡಿದ ಲಕ್ಷಾಂತರ ಸ್ತ್ರೀಯರನ್ನು ಯುದ್ಧ ಮುಗಿದಮೇಲೆ ಮತ್ತೆ ಅಡಿಗೆಮನೆಗೆ ಕರೆದ ಕಾಲವದು ಎಂಬುದನ್ನು ಕೂಡಿಸಿಕೊಂಡು ನೋಡಿದರೆ ಈ ಎರಡನೆಯ ವಿಧಿಯು ಸ್ಪಷ್ಟವಾಗುವುದು. ಮೊದಲನೆಯದನ್ನು ಕಂಡವನು ಜಾಣ ಗಿರಾಕಿ. ಎರಡನೆಯದನ್ನೂ ಕಂಡವನು ವಿದ್ಯಾವಂತ. ಇಂಗ್ಲೆಂಡಿನ ಮಕ್ಕಳಿಗೆ ಈ ಎರಡನೆಯದನ್ನು ಕಾಣಲು ಕಲಿಸುತ್ತಿರುವರಾದರೆ ಅದನ್ನು ಮಕ್ಕಳಾಟವೆಂದು ಹೇಗೆ ಹೇಳೋಣ?

ಇನ್ನೊಂದು ಉದಾಹರಣೆ. ಏ.ಕ್ಯೂ.ಏ. ಎಂಬ ಮತ್ತೊಂದು ಮಂಡಲಿಯು ೧೯೩೮ನೆಯ ಅಕ್ಟೋಬರ್ ೩೦ರ ರಾತ್ರಿ ಅಮೆರಿಕದ ಸಿ.ಬಿ.ಎಸ್. ರೇಡಿಯೋದಲ್ಲಿ ಪ್ರಸಾರವಾದ ನಾಟಕವೊಂದನ್ನು ಪಾಠಕ್ಕೆ ಇಟ್ಟಿತು. ಎಚ್. ಜಿ. ವೆಲ್ಸ್ ಬರೆದ ಕಾದಂಬರಿಯನ್ನು ಆರ್ಸನ್ ವೆಲ್ಸ್ ಎಂಬ ತರುಣನಟರು ರೇಡಿಯೋಗೆ ಅಳವಡಿಸಿದ್ದರು. ನಾಟಕವನ್ನು ನಾಟಕದಂತೆ ನಡೆಸದೆ, ಸಂಗೀತ ನಡೆಯುತ್ತಿರುವಾಗ ನಡುನಡುವೆ ವಾರ್ತೆಯನ್ನು ಓದಿದಂತೆ ನಡೆಸಿ, ಮಂಗಳಗ್ರಹದ ಜೀವಿಗಳು ನ್ಯೂಜೆರ್ಸಿಯಲ್ಲಿ ಇಳಿದಿರುವುವೆಂದು ಹೇಳಿಸಿದರು. ಮಾರನೆಯ ದಿನದ ಪತ್ರಿಕೆಗಳು ದೇಶವೆಲ್ಲ ಭಯದಿಂದ ತತ್ತರಿಸಿತೆಂದು ದಪ್ಪಕ್ಷರಗಳಲ್ಲಿ ಅಚ್ಚುಮಾಡಿದುವು. ೧೯೪೦ರಲ್ಲಿ ಪ್ರಿನ್ಸ್‌ಟನ್ನಿನ ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬುವರು ಇದನ್ನು ಕುರಿತು ಪುಸ್ತಕವನ್ನೇ ಬರೆದರು. ರೇಡಿಯೋ ಹೇಳಿದ್ದನ್ನು ಜನ ಕಣ್ಣುಮುಚ್ಚಿ ನಂಬುವರೆಂಬುದಕ್ಕೆ ಇದು ಬಹುಕಾಲ ದೃಷ್ಟಾಂತವಾಗಿತ್ತು.

ಈಚಿನ ವಿದ್ವಾಂಸರು ಈ ದೃಷ್ಟಾಂತವನ್ನೇ ಪರೀಕ್ಷಿಸಿದರು. ಅದೇ ರಾತ್ರಿ ಕೇಳುಗರ ಗಣನೆ ಮಾಡುವ ಸಂಸ್ಥೆಯೊಂದು ಸುಮಾರು ೫೦೦೦ ಮನೆಗಳಿಗೆ ದೂರವಾಣಿ ಮಾಡಿ ವಿಚಾರಿಸಿದ್ದಿತು. ಆ ನಾಟಕವನ್ನು ಕೇಳುತ್ತಿದ್ದೇವೆಂದವರು ನೂರಕ್ಕೆ ಎರಡರಷ್ಟು ಮಾತ್ರ. ಭಯಪಟ್ಟವರು ಇರಲಿಲ್ಲವೆಂದಲ್ಲ; ಆದರೆ ದೇಶವೆಲ್ಲ ತತ್ತರಿಸಲಿಲ್ಲ. ಹಾಗಾದರೆ ಪತ್ರಿಕೆಗಳು ಅಷ್ಟು ದೊಡ್ಡದಾಗಿ ಬರೆದುದೇತಕ್ಕೆ? ಆ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಪತ್ರಿಕೆಗಳಿಗೆ ಬರತಕ್ಕ ಜಾಹೀರಾತಿನ ಹಣವನ್ನು ರೇಡಿಯೋ ಕಿತ್ತುಕೊಳ್ಳುತ್ತಿದ್ದಿತು. ರೇಡಿಯೋವನ್ನು ನಂಬಬಾರದೆಂದು ತೋರಿಸಲು ಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಇನ್ನಾವುದು? ರೇಡಿಯೋದ ಸುಳ್ಳನ್ನು ನಂಬಿದವರು ಕೆಲವರು. ಪತ್ರಿಕೆಯ ಅತಿಶಯೋಕ್ತಿಯನ್ನು ನಂಬಿದವರು ಎರಡು ಮೂರು ತಲೆಮಾರಿನವರು. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟೆಂದವರನ್ನು ನೋಡಿ ನಕ್ಕವರೇ ಇನ್ನೊಂದು ಕೊಟ್ಟಿಗೆಗೆ ಹಗ್ಗ ಹಿಡಿದು ಹೊರಟಂತಾಯಿತು.

ಈ ಎರಡು ಉದಾಹರಣೆಗಳಿಂದ ಈ ಶಾಸ್ತ್ರದ ಸಾರವು ನಮಗೆ ಹೀಗೆ ತೋರುವುದು. ಮಾತಿಗೆ ದೋಷ ಬರುವುದು ವಕ್ತೃವಿನಿಂದ ಎಂದು ನಮ್ಮ ಹಿರಿಯರು ಹೇಳಿದರು. ಹೇಳುವವನ ಭ್ರಮೆ, ಅಜಾಗರೂಕತೆ, ಮೋಸಮಾಡುವ ಇಚ್ಛೆ ಇವು ಮಾತಿನಲ್ಲಿ ಸೇರಿಕೊಳ್ಳುವುವು. ವೇದಕ್ಕೆ ವಕ್ತೃವಿಲ್ಲ, ಅದು ಅಪೌರುಷೇಯ, ಆದುದರಿಂದ ಈ ದೋಷಗಳು ಅದಕ್ಕೆ ತಗಲವು ಎಂಬುದು ಮೀಮಾಂಸಕರ ವಾದ. ಆ ವಾದವು ಇಲ್ಲಿ ಪ್ರಕೃತವಲ್ಲ. ಪ್ರಕೃತವಾದುದು ಇಷ್ಟು: ಯಂತ್ರದ ಮೂಲಕ ಬರುವ ಮಾತು ಪೂರ್ತಿಯಾಗಿ ಪೌರುಷೇಯವಾಗಿದ್ದರೂ ಅಪೌರುಷೇಯದಂತೆ ತೋರಿಸಿಕೊಳ್ಳುವುದು. ಪರದೆಯ ಮೇಲೆ ಮೂಡಿದ ಅಕ್ಷರಕ್ಕೆ ಮುಖವಿಲ್ಲ. ‘ಬಲ್ಲ ಮೂಲಗಳು ತಿಳಿಸಿವೆ’ ಎಂಬ ವಾಕ್ಯಕ್ಕೆ ಕರ್ತೃಪದವೊಂದು ಉಂಟು, ಕರ್ತೃವಿಲ್ಲ. ಮೊಬೈಲಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟುತ್ತ ಬರುವ ಸಂದೇಶವನ್ನು ಮೊದಲು ಬರೆದವನಾರೆಂದು ಯಾರಿಗೂ ತಿಳಿಯದು. ಕಳುಹಿಸಿದವನು ನಮ್ಮ ಬಂಧುವೋ ಸ್ನೇಹಿತನೋ ಆಗಿರುವನಾಗಿ ಬರೆದವನಿಗೂ ಆಪ್ತನೆಂಬ ಗೌರವ ಸಂದುಬಿಡುವುದು. ಈಚೆಗೆ ಯಂತ್ರವೇ ವಾಕ್ಯಗಳನ್ನೂ ಚಿತ್ರಗಳನ್ನೂ ರಚಿಸತೊಡಗಿರುವುದರಿಂದ ಈ ಮರೆ ಇನ್ನೂ ದಟ್ಟವಾಗಿದೆ. ಮರೆಯಾದ ವಕ್ತೃವನ್ನು ಹೊರಗೆ ತಂದು ನಿಲ್ಲಿಸಿ, ‘ಈ ಮಾತು ನಿನ್ನದು, ಇದಕ್ಕೆ ಹಣ ಕೊಟ್ಟವನು ಇವನು, ನಿನಗೆ ಬೇಕಾದುದು ಇದು’ ಎಂದು ತೋರಿಸುವ ವಿದ್ಯೆಯೇ ಮಾಧ್ಯಮಶಾಸ್ತ್ರ. ಉದ್ಯಮವೆಂಬ ಮೂರನೆಯ ಅಂಗವನ್ನು ಪಠ್ಯಕ್ರಮದಲ್ಲಿ ಸೇರಿಸಿದವರು ಈ ರಹಸ್ಯವನ್ನು ಬಲ್ಲವರೆಂದೇ ಹೇಳಬೇಕು.

ಮಕ್ಕಳಿಂದ ತಯಾರಿ ಮಾಡಿಸುವ ಭಾಗವನ್ನೂ ಮೆಚ್ಚಬೇಕು. ಪಾಠಶಾಲೆಗಳಲ್ಲಿ ಸಮಸ್ಯಾಪೂರಣ ಮಾಡಿಸುತ್ತಿದ್ದುದು ಎಲ್ಲರೂ ಕವಿಗಳಾಗಲೆಂದಲ್ಲ. ಒಂದು ಪಾದವನ್ನು ತಾನೇ ಕಟ್ಟಿ ನೋಡಿದವನಿಗೆ ಕಾಳಿದಾಸನು ಕಟ್ಟಿದ್ದು ಎಷ್ಟು ಕಷ್ಟವೆಂದು ತಿಳಿಯಲೆಂದು. ಹಾಗೆಯೇ ಒಂದು ಸುದ್ದಿಗೆ ತಲೆಬರಹ ಕೊಟ್ಟು ನೋಡಿದ ಹುಡುಗನಿಗೆ, ಅದೇ ಸಂಗತಿಗೆ ಹತ್ತು ತಲೆಬರಹಗಳು ಸಾಧ್ಯವೆಂಬುದೂ ಅವುಗಳಲ್ಲಿ ಒಂದನ್ನು ಆರಿಸಿದಾಗ ಒಂಬತ್ತನ್ನು ಬಿಟ್ಟಂತಾಯಿತೆಂಬುದೂ ಮತ್ತೆಂದಿಗೂ ಮರೆಯುವುದಿಲ್ಲ.

೪

ಇನ್ನು ದೋಷಗಳು. ನಮಗೆ ತೋರಿದುವು ಮುಖ್ಯವಾಗಿ ಎರಡು.

ಮೊದಲನೆಯದು ಹೆಸರುಗಳ ಭಾರ. ೨೦೧೭ರ ಪಠ್ಯಕ್ರಮದಲ್ಲಿ ವಿದ್ಯಾರ್ಥಿಯು ೧೯ ಸಿದ್ಧಾಂತಗಳನ್ನು ಅವುಗಳ ಕರ್ತೃಗಳ ಹೆಸರಿನೊಡನೆ ತಿಳಿದಿರತಕ್ಕದ್ದೆಂದು ವಿಧಿಸಿರುವರು. ಚಿಹ್ನೆಗಳನ್ನು ಕುರಿತು ಬಾರ್ತ್, ಕಥೆಯ ರಚನೆಯನ್ನು ಕುರಿತು ತೊದೊರೊವ್, ವಿರೋಧದ್ವಂದ್ವಗಳನ್ನು ಕುರಿತು ಲೇವಿ ಸ್ತ್ರಾಸ್, ಅನುಕರಣವನ್ನು ಕುರಿತು ಬಂಡೂರ, ದೀರ್ಘಕಾಲ ಟೆಲಿವಿಷನ್ ನೋಡಿದುದರ ಪರಿಣಾಮವನ್ನು ಕುರಿತು ಗರ್ಬ್ನರ್, ಹೀಗೆ ಹತ್ತೊಂಬತ್ತು. ಇವರಲ್ಲಿ ಒಬ್ಬೊಬ್ಬರೂ ದೊಡ್ಡವರೇ. ಸ್ಟೂಅರ್ಟ್ ಹಾಲ್ ೧೯೭೩ರಲ್ಲಿ ಹೇಳಿದ ಮಾತನ್ನೇ ನೋಡಿರಿ: ಒಂದೇ ಸಂದೇಶವನ್ನು ಒಬ್ಬನು ಕಳುಹಿಸಿದವನ ಇಷ್ಟದಂತೆಯೇ ಗ್ರಹಿಸುವನು, ಇನ್ನೊಬ್ಬನು ಸ್ವಲ್ಪ ಒಪ್ಪಿ ಸ್ವಲ್ಪ ತಿದ್ದಿಕೊಳ್ಳುವನು, ಮತ್ತೊಬ್ಬನು ಪೂರ್ತಿ ವಿರೋಧವಾಗಿ ಗ್ರಹಿಸುವನು. ಒಂದೇ ಸೂತ್ರಕ್ಕೆ ಮೂರು ಭಾಷ್ಯಗಳನ್ನು ಓದಿದ ನಮಗೆ ಇದು ಹೃದ್ಯವಾದ ಮಾತು. ಆದರೆ ಹದಿನೇಳರ ಹುಡುಗನಿಗೆ ಇಂಥ ಹತ್ತೊಂಬತ್ತನ್ನು ಎರಡು ವರ್ಷದಲ್ಲಿ ಕೊಟ್ಟರೆ ಅವು ವಿಚಾರಗಳಾಗಿ ಉಳಿಯುವುದಿಲ್ಲ, ಗಿಳಿಪಾಠವಾಗುವುವು.

ನಮ್ಮ ಬಂಧುಗಳ ಮೊಮ್ಮಗಳೊಬ್ಬಳು ಇಂಗ್ಲೆಂಡಿನಲ್ಲಿ ಈ ವಿಷಯವನ್ನು ಓದಿದವಳು. ಬೇಸಗೆಯ ರಜದಲ್ಲಿ ಊರಿಗೆ ಬಂದಿದ್ದಾಗ ಅವಳ ಟಿಪ್ಪಣಿಯ ಪುಸ್ತಕವನ್ನು ನೋಡಿದೆವು. ಪುಟಪುಟದಲ್ಲಿಯೂ ಎಡಗಡೆ ಒಂದು ಹೆಸರು, ಬಲಗಡೆ ಒಂದು ವಾಕ್ಯದ ಸಿದ್ಧಾಂತ. ಆ ದಿನದ ಕನ್ನಡ ಪತ್ರಿಕೆಯನ್ನು ಅವಳ ಮುಂದೆ ಹರಡಿ, ಇದನ್ನು ನಿನ್ನ ಶಾಸ್ತ್ರದಂತೆ ನೋಡಿ ಹೇಳಮ್ಮ ಎಂದೆವು. ‘ತಾತ, ಇದಕ್ಕೆ ಗರ್ಬ್ನರ್ ಹೊಂದುತ್ತಾನೆ’ ಎಂದು ಪ್ರಾರಂಭಿಸಿದಳು. ‘ಅವನು ಏನೆಂದನೆಂಬುದು ಇರಲಿ, ನಿನಗೇನು ಕಾಣುತ್ತದೆ?’ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅನಂತರ ಒಂದು ವಿದ್ಯಾಸಂಸ್ಥೆಯ ಪ್ರಶಂಸೆಯಿಂದ ತುಂಬಿದ್ದ ಸುದ್ದಿಯ ಮೇಲೆ ಬೆರಳಿಟ್ಟು, ‘ಇದರ ಅಕ್ಷರದ ಅಚ್ಚು ಬೇರೆ, ಬರೆದವರ ಹೆಸರಿಲ್ಲ, ಮೂಲೆಯಲ್ಲಿ ಸಣ್ಣದಾಗಿ ಜಾಹೀರಾತು ಎಂದಿದೆ’ ಎಂದಳು. ಪ್ರತಿದಿನವೂ ಆ ಪತ್ರಿಕೆಯನ್ನು ಓದುತ್ತಿದ್ದ ಮನೆಯವರಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ವಿದ್ಯೆಯು ಅವಳಲ್ಲಿ ಇದ್ದಿತು. ಹೆಸರುಗಳ ಪಟ್ಟಿಯು ಅದರ ಮೇಲೆ ಮುಚ್ಚಿಕೊಂಡಿದ್ದಿತು, ಅಷ್ಟೆ. ಯಾವ ವಾಕ್ಯವನ್ನೂ ವಕ್ತೃವನ್ನು ವಿಚಾರ ಮಾಡದೆ ಒಪ್ಪಬೇಡ ಎಂದು ಕಲಿಸತಕ್ಕ ಶಾಸ್ತ್ರವು ತನ್ನ ಹತ್ತೊಂಬತ್ತು ಆಚಾರ್ಯರ ವಾಕ್ಯಗಳನ್ನು ಮಾತ್ರ ವಿಚಾರ ಮಾಡದೆ ಒಪ್ಪುವಂತೆ ಮಾಡಿದರೆ ಅದು ತನ್ನ ಕೊಂಬೆಯನ್ನು ತಾನೇ ಕಡಿದಂತೆ. ಬಂಡೂರ ಪಂಡಿತರು ೧೯೬೧ರಲ್ಲಿ ಗೊಂಬೆಯೊಂದನ್ನಿಟ್ಟು ಮಕ್ಕಳ ಮೇಲೆ ಮಾಡಿದ ಪ್ರಯೋಗವು ಊರಿನ ಬೀದಿಯಲ್ಲಿ ನಡೆಯುವ ಹಿಂಸೆಗೆ ಎಷ್ಟರಮಟ್ಟಿಗೆ ಸಾಕ್ಷಿಯೆಂದು ಕೇಳಿದ ಹುಡುಗನಿಗೆ, ಆ ಸಿದ್ಧಾಂತವನ್ನು ಒಪ್ಪಿಸಿದವನಿಗಿಂತ ಹೆಚ್ಚು ಅಂಕ ಸಲ್ಲಬೇಕು. ಸಿದ್ಧಾಂತಗಳ ಬೆಲೆಯನ್ನೂ ಕಟ್ಟಬೇಕೆಂದು ಪಠ್ಯಕ್ರಮದಲ್ಲಿ ಬರೆದಿರುವುದೇನೋ ನಿಜ; ಹತ್ತೊಂಬತ್ತರ ಬದಲು ಆರೋ ಏಳೋ ಇದ್ದಿದ್ದರೆ ಅದಕ್ಕೆ ಕಾಲವಾದರೂ ಸಿಗುತ್ತಿದ್ದಿತು. ಮೊದಲು ಕಾಣದ ವಸ್ತುವನ್ನು ಕೊಟ್ಟು ಕೆಲವು ಪ್ರಶ್ನೆಗಳನ್ನು ಕೇಳುವ ಪದ್ಧತಿಯು ಅಲ್ಲಿಯ ಪತ್ರಿಕೆಗಳಲ್ಲಿ ಉಂಟು. ಅದನ್ನೇ ಹೆಚ್ಚಿಸತಕ್ಕದ್ದು.

ಎರಡನೆಯ ದೋಷವು ಇದಕ್ಕಿಂತ ಆಳವಾದುದು. ಭಾಷೆ, ಚಿತ್ರಣ, ಉದ್ಯಮ, ಜನ ಎಂಬ ನಾಲ್ಕು ಅಂಗಗಳಲ್ಲಿ ಸತ್ಯಕ್ಕೆಂದು ಒಂದು ಅಂಗವಿಲ್ಲ. ವಾಸ್ತವವನ್ನು ಹೇಗೆ ಕಟ್ಟಿದರು ಎಂಬ ಪ್ರಶ್ನೆ ಇದೆ. ಕಟ್ಟಿದುದು ವಾಸ್ತವಕ್ಕೆ ಒಪ್ಪುವುದೆ ಎಂಬ ಪ್ರಶ್ನೆ ಬದಿಗೆ ಸರಿದಿದೆ. ಎಲ್ಲ ಚಿತ್ರವೂ ಯಾರೋ ಬರೆದುದೇ ಎಂಬ ಮಾಸ್ಟರ್‌ಮನ್ನರ ತತ್ತ್ವ ನಿಜ. ಅಷ್ಟಕ್ಕೇ ನಿಂತರೆ, ಎಲ್ಲರೂ ಬರೆಯುವವರೇ ಆದಮೇಲೆ ಯಾರನ್ನು ನಂಬಿದರೇನು ಎಂಬ ಉದಾಸೀನಕ್ಕೆ ಹುಡುಗನು ಬಂದುಬಿಡುವನು. ನೈಯಾಯಿಕರು ಹೀಗೆ ನಿಲ್ಲಲಿಲ್ಲ. ಜ್ಞಾನವು ಹುಟ್ಟಿದ ಬಗೆಯನ್ನು ವಿಚಾರಿಸಿದ ಮೇಲೆ ಅದು ಯಥಾರ್ಥವೋ ಅಯಥಾರ್ಥವೋ ಎಂದೂ ಕೇಳಿದರು. ಮರಳುಗಾಡಿನಲ್ಲಿ ಕಂಡ ನೀರು ದಾಹವನ್ನು ಹಿಂಗಿಸಿತೆ ಎಂದು ಪ್ರವೃತ್ತಿಯಿಂದ ಪರೀಕ್ಷಿಸಿ ನೋಡಬೇಕೆಂದರು. ಇದನ್ನು ನೆನೆಯುವುದು, ಎಲ್ಲವೂ ನಮ್ಮಲ್ಲಿ ಮೊದಲೇ ಇದ್ದಿತೆಂದು ಹೆಮ್ಮೆಪಡುವುದಕ್ಕಲ್ಲ. ಪತ್ರಿಕೆಯ ಒಡೆಯನಾರು, ಅವನ ಆದಾಯವೆಲ್ಲಿಂದ ಎಂಬ ಪ್ರಶ್ನೆ ನಮ್ಮ ಶಾಸ್ತ್ರಗಳಲ್ಲಿ ಇಲ್ಲ. ಅದನ್ನು ಕಲಿಸಿದವರು ಪಾಶ್ಚಾತ್ಯರು. ಅವರು ಬಿಟ್ಟ ಪ್ರಶ್ನೆಯನ್ನು ನಮ್ಮವರು ಕೇಳಿದ್ದರು. ಎರಡೂ ಕೂಡಿದರೆ ಶಾಸ್ತ್ರ ಪೂರ್ಣವಾಗುವುದು.

೫

ಇದೆಲ್ಲ ಪರದೇಶದ ಮಕ್ಕಳ ಮಾತಾಯಿತು, ನಮಗೇನೆಂದು ವಾಚಕರು ಕೇಳಬಹುದು. ಉತ್ತರವಾಗಿ ಒಂದು ದುಃಖದ ಸಂಗತಿಯನ್ನು ನೆನಪಿಗೆ ತರಬೇಕಾಗಿದೆ.

೨೦೧೮ರಲ್ಲಿ ನಮ್ಮ ನಾಡಿನಲ್ಲಿ ಮಕ್ಕಳ ಕಳ್ಳರು ಬಂದಿರುವರೆಂಬ ಸಂದೇಶಗಳು ವಾಟ್ಸಾಪ್ ಮೂಲಕ ಹರಡಿದುವು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಕಡೆ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟುದೇ ಅಪರಾಧವಾಗಿ, ಅವರಲ್ಲಿ ಒಬ್ಬನ ಪ್ರಾಣ ಹೋಯಿತು. ಆ ದಿನಗಳಲ್ಲಿ ಹರಿದಾಡಿದ ವಿಡಿಯೋಗಳಲ್ಲಿ ಒಂದು ಹೀಗಿತ್ತು: ಬೀದಿಯಲ್ಲಿ ಆಡುತ್ತಿರುವ ಮಕ್ಕಳ ನಡುವಿನಿಂದ ಮೋಟಾರ್ ಬೈಕಿನವರು ಒಂದು ಮಗುವನ್ನು ಎತ್ತಿಕೊಂಡು ಹೋಗುವರು. ಅದು ನಡೆದ ಸಂಗತಿಯಲ್ಲ. ಮಕ್ಕಳ ವಿಷಯದಲ್ಲಿ ತಂದೆತಾಯಿಗಳು ಎಚ್ಚರವಾಗಿರಲೆಂದು ಕರಾಚಿಯಲ್ಲಿ ತಯಾರಿಸಿದ ಒಂದು ಪ್ರಚಾರಚಿತ್ರ. ಅದರ ಕೊನೆಯಲ್ಲಿ ಆ ಸವಾರರು ಹಿಂತಿರುಗಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಮಾತು ಬರೆದ ಫಲಕವನ್ನು ತೋರಿಸುವರು. ಆ ಕೊನೆಯನ್ನು ಯಾರೋ ಕತ್ತರಿಸಿ ತೆಗೆದಿದ್ದರು.

ತಾತ್ಪರ್ಯವನ್ನು ನಿಶ್ಚಯಿಸುವುದಕ್ಕೆ ನಮ್ಮ ಶಾಸ್ತ್ರಕಾರರು ಆರು ಲಿಂಗಗಳನ್ನು ಹೇಳಿದರು. ಅವುಗಳಲ್ಲಿ ಮೊದಲನೆಯದು ಉಪಕ್ರಮೋಪಸಂಹಾರ. ಪ್ರಾರಂಭವನ್ನೂ ಕೊನೆಯನ್ನೂ ಕೂಡಿಸಿ ನೋಡದೆ ಅರ್ಥ ಹೇಳಬಾರದೆಂಬುದು. ವೇದಾಂತದ ಪಾಠದಲ್ಲಿ ಇದನ್ನು ಬಾಯಿಪಾಠ ಮಾಡಿದವರು ಎಷ್ಟೋ ಮಂದಿ. ಉಪಸಂಹಾರವನ್ನು ಕತ್ತರಿಸಿದರೆ ಮಗುವನ್ನು ಕಾಯಬೇಕೆಂಬ ಮಾತೇ ಮನುಷ್ಯನನ್ನು ಕೊಲ್ಲುವ ಮಾತಾಗುವುದೆಂದು ಆ ಬಾಯಿಪಾಠದವರಿಗೂ ತೋರಿರಲಾರದು. ಈ ಚಿತ್ರಕ್ಕೆ ಕೊನೆಯಿದೆಯೆ, ಇದನ್ನು ತೆಗೆದವರಾರು, ಎಲ್ಲಿ, ಯಾವಾಗ ಎಂದು ಗುಂಪಿನಲ್ಲಿ ನಾಲ್ಕು ಮಂದಿ ಕೇಳಿದ್ದರೆ ಆ ಎರಡು ಜೀವಗಳು ಉಳಿಯುತ್ತಿದ್ದುವೋ ಏನೋ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆ ನಮ್ಮಲ್ಲಿದೆ. ಪ್ರಮಾಣಿಸುವುದು ಹೇಗೆಂಬ ಪಾಠವೇ ಇಲ್ಲ.

ಬೇರೆ ಕಡೆಗಳಲ್ಲಿ ಕೆಲಸ ಪ್ರಾರಂಭವಾಗಿದೆ. ಅದೇ ೨೦೧೮ರಲ್ಲಿ ಕೇರಳದ ಕಣ್ಣೂರು ಜಿಲ್ಲೆಯಲ್ಲಿ ಸುಮಾರು ೧೫೦ ಸರ್ಕಾರಿ ಶಾಲೆಗಳ ಮಕ್ಕಳಿಗೆ ಸುಳ್ಳುಸುದ್ದಿಯನ್ನು ಗುರುತಿಸುವ ಪಾಠಗಳನ್ನು ನಡೆಸಿದರು. ಸಿ.ಬಿ.ಎಸ್.ಇ. ಮಂಡಲಿಯು ಹನ್ನೊಂದು ಹನ್ನೆರಡನೆಯ ತರಗತಿಗಳಿಗೆ ಮಾಧ್ಯಮವನ್ನು ಒಂದು ಐಚ್ಛಿಕ ವಿಷಯವಾಗಿ ಇಟ್ಟಿದೆ. ಆದರೆ ಅದನ್ನು ಕೌಶಲವಿಷಯಗಳ ಸಾಲಿನಲ್ಲಿ ಸೇರಿಸಿ ಉದ್ಯೋಗದ ಕಡೆಗೆ ಮುಖಮಾಡಿಸಿದೆ. ಪತ್ರಿಕೋದ್ಯೋಗಿಗಳನ್ನು ತಯಾರಿಸುವುದು ಬೇರೆ, ಪತ್ರಿಕೆಯನ್ನು ಓದತಕ್ಕವರನ್ನು ತಯಾರಿಸುವುದು ಬೇರೆ. ಮೊದಲನೆಯದು ಕೆಲವರಿಗೆ ಬೇಕಾದುದು. ಎರಡನೆಯದು ಎಲ್ಲರಿಗೂ ಬೇಕಾದುದು. ೧೯೮೯ರಿಂದ ನಮ್ಮ ದೇಶದಲ್ಲಿ ಮತದಾನದ ವಯಸ್ಸು ಹದಿನೆಂಟು. ಶಾಲೆಯ ಕೊನೆಯ ತರಗತಿಯಿಂದ ಮಕ್ಕಳು ನೇರವಾಗಿ ಮತದ ಪೆಟ್ಟಿಗೆಯ ಮುಂದೆ ಹೋಗಿ ನಿಲ್ಲುವರು. ಕೋಟೆ ಕೊಳ್ಳೆಹೋದ ಮೇಲೆ ಊರ ಬಾಗಿಲು ಹಾಕುವುದು ಬೇಡವಾದರೆ ಈ ವಿದ್ಯೆಗೆ ಆ ಎರಡು ವರ್ಷಗಳೇ ತಕ್ಕ ಕಾಲ.

ಇದಕ್ಕೆ ಹೊಸದೊಂದು ವಿಷಯವನ್ನೇ ಸ್ಥಾಪಿಸಬೇಕೆಂದು ನಾವು ಹೇಳುವುದಿಲ್ಲ. ಸ್ಥಾಪಿಸಿದರೆ ಅದನ್ನು ಆರಿಸಿಕೊಂಡವರಿಗೆ ಮಾತ್ರ ವಿದ್ಯೆ ಬರುವುದು, ಮತ್ತು ಪಠ್ಯಪುಸ್ತಕದೊಡನೆ ಹತ್ತೊಂಬತ್ತು ಹೆಸರುಗಳೂ ಬಂದು ಕೂರುವುವು. ಪದವಿಪೂರ್ವ ತರಗತಿಗಳ ಕನ್ನಡ ಪಾಠದಲ್ಲಿಯೇ ವಾರಕ್ಕೆ ಒಂದು ಗಂಟೆ ಸಾಕು. ಉಪಾಧ್ಯಾಯರು ಅಂದಿನ ಪತ್ರಿಕೆಯ ಒಂದು ಪುಟವನ್ನೋ ಮಕ್ಕಳ ಮೊಬೈಲಿಗೆ ಬಂದ ಒಂದು ಸಂದೇಶವನ್ನೋ ಮುಂದಿಟ್ಟು ಐದು ಪ್ರಶ್ನೆಗಳನ್ನು ಕೇಳಲಿ: ಇದನ್ನು ಹೇಳುತ್ತಿರುವವರಾರು? ಇದಕ್ಕೆ ಹಣ ಯಾರದು? ನಮ್ಮಿಂದ ಏನು ಮಾಡಿಸಬೇಕೆಂದು ಇದು ಹೊರಟಿದೆ? ಇದರ ಮೊದಲೂ ಕೊನೆಯೂ ಪೂರ್ಣವಾಗಿವೆಯೆ? ಬೇರೆಯ ಪ್ರಮಾಣದಿಂದ ಇದು ಸಿದ್ಧವಾಗುವುದೆ? ಮೊದಲ ಮೂರು ಇಂಗ್ಲೆಂಡಿನ ಪಠ್ಯಕ್ರಮದ ಸಾರ. ಕೊನೆಯ ಎರಡು ನಮ್ಮ ಶಾಸ್ತ್ರಗಳ ಸಾರ. ಕಾವ್ಯದಲ್ಲಿ ವಾಚ್ಯ, ಲಕ್ಷ್ಯ, ವ್ಯಂಗ್ಯಗಳನ್ನು ಬಿಡಿಸಬಲ್ಲ ಕನ್ನಡ ಉಪಾಧ್ಯಾಯರಿಗೆ ಇದು ಹೊಸದಾಗಿ ಕಲಿಯತಕ್ಕ ವಿದ್ಯೆಯಲ್ಲ, ಕಲಿತುದನ್ನು ಬೀದಿಗೆ ತರುವುದಷ್ಟೆ.

ಇಂಗ್ಲೆಂಡಿನ ಪಠ್ಯಕ್ರಮವು ದೋಷವಿಲ್ಲದುದಲ್ಲ. ಆದರೂ ದಿನದಿನವೂ ಬೆಳಗ್ಗೆ ನಮ್ಮ ಬಾಗಿಲಿಗೆ ಬಂದು ಬೀಳುವ, ಗಳಿಗೆಗೊಮ್ಮೆ ನಮ್ಮ ಅಂಗೈಗೆ ಬಂದು ಕೂರುವ ಮಾತನ್ನು ಶಾಸ್ತ್ರೀಯವಾದ ವಿಚಾರಕ್ಕೆ ತಕ್ಕುದೆಂದು ಭಾವಿಸುವ ಧೈರ್ಯವನ್ನು ಅದು ಮಾಡಿದೆ. ಹಿಂದಿನವರು ಒಂದು ಪದದ ಅರ್ಥಕ್ಕಾಗಿ ಹಗಲಿರುಳು ವಾದಮಾಡಿದರು; ಏತಕ್ಕೆಂದರೆ ಆ ಪದದ ಮೇಲೆ ತಮ್ಮ ಶ್ರೇಯಸ್ಸು ನಿಂತಿರುವುದೆಂದು ನಂಬಿದ್ದರು. ಇಂದಿನ ಪದಗಳ ಮೇಲೆ ನೆರೆಯವನ ಪ್ರಾಣ ನಿಂತಿದೆ. ಈ ವಿಷಯದಲ್ಲಿ ಜಿಲ್ಲೆಯ ಉಪಾಧ್ಯಾಯ ಬಂಧುಗಳೂ ವಿದ್ವಾಂಸರೂ ತಮ್ಮ ಅಭಿಪ್ರಾಯವನ್ನು ಈ ಪತ್ರಿಕೆಗೆ ಬರೆದು ಚರ್ಚೆಯನ್ನು ಮುಂದುವರಿಸಬೇಕೆಂದು ಬೇಡುವೆವು.